ಸಮರಾಭ್ಯಾಸದಲ್ಲಿ ಮೊದಲ ಪಂಕ್ತಿ ಯಾರದು?

ಶತ್ರುಗಳು ಏಕೆ ಕಾದಾಡುತ್ತಾರೆಂಬುದು ನನಗೆ ಅರ್ಥವಾಗುತ್ತದೆ. ಮಿತ್ರರು ಏಕೆ ಕೂಡಿ ಅಭ್ಯಾಸ ಮಾಡಬೇಕೆಂಬುದು ಮಾತ್ರ ಬಹುಕಾಲ ಅರ್ಥವಾಗಿರಲಿಲ್ಲ. ಪತ್ರಿಕೆಯಲ್ಲಿ ಆಗಾಗ ಒಂದು ಚಿತ್ರ ಬರುತ್ತದೆ. ನಮ್ಮ ಸೈನಿಕರೂ ಯಾವುದೋ ಮಿತ್ರರಾಷ್ಟ್ರದ ಸೈನಿಕರೂ ಮುಖಕ್ಕೆ ಮಸಿ ಬಳಿದುಕೊಂಡು ಒಂದೇ ಪೊದೆಯ ಹಿಂದೆ ಅಡಗಿರುತ್ತಾರೆ. ಕೆಳಗೆ ‘ಜಂಟಿ ಸಮರಾಭ್ಯಾಸ’ ಎಂದಿರುತ್ತದೆ. ನಾನು ಪೀಣ್ಯದ ಕಾರ್ಖಾನೆಯೊಂದರ ತಪಾಸಣಾ ವಿಭಾಗದಲ್ಲಿದ್ದು, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದ ಬಿಡಿಭಾಗವನ್ನೂ ಹಿಂದಕ್ಕೆ ಕಳುಹಿಸಿ ನಿವೃತ್ತನಾದವನು. ಅರೆಬರೆ ವಿವರಣೆಯಿಂದ ನನಗೆ ಸಮಾಧಾನವಾಗದು. ಇಬ್ಬರೂ ಒಂದೇ ಕಡೆಯವರಾದರೆ ಎದುರಾಳಿ ಯಾರು? ಪೊದೆಯ ಆಚೆ ಯಾರಿದ್ದಾರೆ? ಕೊನೆಯಲ್ಲಿ ಸೋತವರು ಯಾರು, ಸೋತದ್ದಕ್ಕೆ ಅವರಿಗೆ ಬೇಸರವಾಗುವುದಿಲ್ಲವೆ? ಇಷ್ಟು ಮುಖ್ಯವಾದ ಸಂಗತಿಗಳನ್ನು ಪತ್ರಿಕೆಯವರು ಬರೆಯುವುದೇ ಇಲ್ಲ. ಸಂಪಾದಕರಿಗೆ ಎರಡು ಸಲ ಬರೆದು ಕೇಳಿದೆ; ಉತ್ತರ ಬರಲಿಲ್ಲ. ಅದೂ ನನ್ನ ನೆನಪಿನಲ್ಲಿದೆ.

ಉತ್ತರ ಬಲ್ಲವರೊಬ್ಬರು ಇದ್ದರು. ಆದರೆ ಅವರನ್ನು ಕೇಳುವಂತಿರಲಿಲ್ಲ. ಅವರೇ ನನ್ನ ಬೀಗರು, ಮಗಳು ಸುಮಾಳ ಮಾವ, ಸೈನ್ಯದಿಂದ ನಿವೃತ್ತರಾಗಿ ಮಾಕಳಿಯಲ್ಲಿ ನೆಲೆಸಿರುವ ಸುಬೇದಾರ್ ಗಂಗಹನುಮಯ್ಯನವರು. ಮದುವೆಯಾದ ವಾರ ಅವರ ಮನೆಯಲ್ಲಿ ಬೀಗರೂಟ. ಕುಂದಲಹಳ್ಳಿಯಿಂದ ಒಂದು ಬಸ್ಸು ತುಂಬ ನೆಂಟರನ್ನು ಹೇರಿಕೊಂಡು ಹೊರಟೆ. ಕುಂದಲಹಳ್ಳಿ ಬೆಂಗಳೂರಿನ ಒಂದು ತುದಿ, ಮಾಕಳಿ ಇನ್ನೊಂದು ತುದಿ. ದೇಶದೇಶಗಳ ಗಡಿ ದಾಟುವುದಕ್ಕೂ ಅಷ್ಟು ಹೊತ್ತು ಹಿಡಿಯಲಾರದು. ತಲುಪಿದಾಗ ಹೊಟ್ಟೆ ತಾಳ ಹಾಕುತ್ತಿತ್ತು. ಶಾಮಿಯಾನದಡಿ ಎಲೆ ಹಾಕಿದರು. ನನ್ನ ತಮ್ಮಂದಿರು ಕುಳಿತರು, ಷಡ್ಡಕರು ಕುಳಿತರು, ಬಸ್ಸಿನ ಡ್ರೈವರ್ ಕೂಡ ಕುಳಿತ. ನಾನು ಪಂಚೆ ಸರಿಮಾಡಿಕೊಂಡು ಬಾಗುವಷ್ಟರಲ್ಲಿ ಸುಬೇದಾರರು ಮೊಣಕೈ ಹಿಡಿದು ಎತ್ತಿಬಿಟ್ಟರು. “ನೀವು ಬನ್ನಿ ಬೀಗ್ರೇ, ಆಮ್ಯಾಕೆ ಕೂತ್ಕಳಾಣ” ಎಂದರು. ಹೆಣ್ಣು ಕೊಟ್ಟ ತಂದೆಗೆ ಎರಡನೆಯ ಪಂಕ್ತಿ! ಅಷ್ಟರಲ್ಲಿ ಹಂಡೆಯ ಒಳ್ಳೆಯ ತುಂಡುಗಳೆಲ್ಲ ಮೊದಲ ಪಂಕ್ತಿಯ ಪಾಲಾಗಿದ್ದವು. ನನ್ನ ಎಲೆಗೆ ಬಂದದ್ದು ಮುದ್ದೆ, ಸಾರು, ಮತ್ತು ಮಾಂಸದ ಪರಿಚಯವೇ ಇಲ್ಲದ ಎರಡು ಮೂಳೆ. ನನ್ನ ಅವಮಾನವನ್ನು ಹತ್ತಿರದಿಂದಲೇ ನೋಡಬೇಕೆಂಬಂತೆ ಸುಬೇದಾರರು ಪಕ್ಕದಲ್ಲೇ ಬಂದು ಕುಳಿತರು.

ಪ್ರತಿಯಾಗಿ ನಮ್ಮ ಮನೆಯಲ್ಲಿ ಅವರಿಗೆ ಊಟ ಹಾಕಿದ ದಿನ ನಾನು ನ್ಯಾಯವನ್ನು ಬಡ್ಡಿಯ ಸಮೇತ ಸಲ್ಲಿಸಿದೆ. ಅವರನ್ನು ಮೂರನೆಯ ಪಂಕ್ತಿಗೆ ಕೂರಿಸಿದೆ. ಅವರು ಸಾರಿನಲ್ಲಿ ಮುದ್ದೆ ನುಂಗಿ, ಕೈತೊಳೆದು ಬಂದು, ನಗುನಗುತ್ತ ನನಗೆ ಕೈಮುಗಿದರು. ಈ ಮನುಷ್ಯನ ಚರ್ಮ ಎಷ್ಟು ದಪ್ಪವಿರಬಹುದೆಂದು ನನಗೆ ಆಶ್ಚರ್ಯವಾಯಿತು. ಆಮೇಲಿನ ನಾಲ್ಕು ವರ್ಷ ನಮ್ಮ ನಡುವೆ ಇದ್ದದ್ದು “ಚೆನ್ನಾಗಿದ್ದೀರಾ”, “ಹೂಂ, ನೀವು?” ಅಷ್ಟೆ.

ಹೀಗಿರುವಾಗ ಮೊಮ್ಮಗಳ ಮೊದಲ ಮುಡಿ ತೆಗೆಸುವ ಸಂದರ್ಭ ಬಂತು. ಸುಮಾ ಫೋನ್ ಮಾಡಿದಳು. “ಅಪ್ಪಾ, ಊಟ ಕುಂದಲಹಳ್ಳಿ ಮನೆ ತಾರಸಿ ಮೇಲೇ ಆಗ್ಲಿ. ಆದ್ರೆ ನೀವೂ ನಮ್ಮ ಮಾವಾನೂ ಒಟ್ಟಿಗೆ ನಿಂತು ಬಂದೋರನ್ನ ನೋಡ್ಕೋಬೇಕು. ನಿಮ್ಮಿಬ್ರ ಮಧ್ಯೆ ಏನೋ ಇದೆ, ಅದೇನು ಅಂತ ಅವರನ್ನ ಕೇಳಿದ್ರೆ ಏನೂ ಇಲ್ವಲ್ಲಮ್ಮ ಅಂತಾರೆ. ಒಟ್ಟಿಗೆ ನಿಲ್ಲೋಕೆ ಆಗಲ್ಲ ಅಂದ್ರೆ ಊಟಾನೇ ಬೇಡ. ವೈಟ್‌ಫೀಲ್ಡ್‌ನಲ್ಲಿ ಯಾವುದಾದ್ರೂ ಹೋಟೆಲಲ್ಲಿ ಕೇಕ್ ಕತ್ತರಿಸಿ ಮುಗಿಸ್ತೀವಿ, ನೀವಿಬ್ರೂ ಫೋಟೋ ನೋಡ್ಕೊಳ್ಳಿ.” ಮೊಮ್ಮಗಳ ಮುಡಿಯ ಊಟ ಕೇಕಿನಲ್ಲಿ ಮುಗಿಯುವುದೆಂದರೇನು? ಕುಂದಲಹಳ್ಳಿಯಲ್ಲಿ ತಲೆ ಎತ್ತಿ ತಿರುಗುವುದು ಹೇಗೆ? ಹೆಂಡತಿಯ ಎದುರು ನನ್ನ ಸಂಕಟ ತೋಡಿಕೊಂಡೆ. ಅವಳು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸದೆ, “ತಿಂದ ತುಂಡು ಅರಗದೇ ಇರೋರನ್ನ ನೋಡಿದೀನಿ ಕಣ್ರೀ. ತಿನ್ನದೇ ಇರೋ ತುಂಡು ನಾಲ್ಕು ವರ್ಷದಿಂದ ಅರಗದೇ ಇರೋದು ನಿಮಗೊಬ್ಬರಿಗೇ” ಎಂದಳು.

ವಿಧಿಯಿಲ್ಲದೆ ಒಪ್ಪಿದೆ. ಏರ್ಪಾಟು ನೋಡಲು ಸುಬೇದಾರರು ಒಂದು ಬೆಳಿಗ್ಗೆ ನಮ್ಮ ಮನೆಗೆ ಬಂದರು. ತಾರಸಿಯ ತುಂಬ ಬಾಡಿಗೆ ಹುಡುಗರ ಅಂಗಿ ಚಡ್ಡಿಗಳು ಒಣಗುತ್ತಿದ್ದವು. ಅವುಗಳ ನಡುವೆ ದಾರಿ ಮಾಡಿಕೊಂಡು ಅವರು ಶಾಮಿಯಾನದ ಕಂಬ, ನೀರಿನ ಡ್ರಮ್ಮು ಎಲ್ಲಕ್ಕೂ ಜಾಗ ಗುರುತಿಸಿದರು. ನಾನು ಮಾತು ತಪ್ಪಿಸಲು ಪತ್ರಿಕೆ ಅಗಲಿಸಿ ಹಿಡಿದೆ. ಹಿಡಿದ ಪುಟದಲ್ಲಿ ಅದೇ ಚಿತ್ರ: ಮಸಿ, ಪೊದೆ, ಎರಡು ದೇಶ. ನನ್ನಲ್ಲಿ ಕೋಪ ಹಳೆಯದು, ಕುತೂಹಲ ಅದಕ್ಕಿಂತ ಹಳೆಯದು. ಬಾಯಿ ತಾನಾಗಿಯೇ ಕೇಳಿಬಿಟ್ಟಿತು: “ಸುಬೇದಾರರೇ, ಇದರಲ್ಲಿ ಶತ್ರು ಯಾರು?”

“ಅದಾ?” ಎಂದು ಅವರು ನೀರಿನ ಡ್ರಮ್ಮನ್ನು ಬೋರಲು ಹಾಕಿ ಅದರ ಮೇಲೆ ಕುಳಿತರು. “ನಾನೂ ಒಂದ್ಸಲ ಓಗಿದ್ದೆ ಬೀಗ್ರೇ. ನಮ್ಮೋರ್‌ನಾಗೇ ನಾಕು ಜನಕ್ಕೆ ಬ್ಯಾರೆ ಬಟ್ಟೆ ಆಕ್ಸಿ ಶತ್ರು ಮಾಡ್ತಾರೆ. ಅವ್ರು ಮಧ್ಯಾನ ಸಾಯ್ತಾರೆ, ಸಂಜೆ ಎದ್ದು ವಾಲಿಬಾಲ್ ಆಡ್ತಾರೆ. ಗುಂಡು ಒಡೆಯಾದು ಯಾವ ದೇಸದಾಗೂ ಒಂದೇಯ. ಕಷ್ಟ ಆಗಿದ್ದು ಊಟದಾಗೆ.”

“ಊಟದಲ್ಲೇ?”

“ನಮ್ ಯೂನಿಟ್‌ನಾಗೆ ಜವಾನ್ರು ಮೊದ್ಲು ಉಣ್ಬೇಕು, ಸಾಹೇಬ್ರು ಕೊನೀಗೆ. ಎಷ್ಟು ದೊಡ್ಡೋನೋ ಅಷ್ಟು ಇಂದೆ. ಅಡುಗೆಯೋನು, ಪಾಪ, ಆ ದೇಸದಿಂದ ಬಂದಿರೋ ಕಮಾಂಡರು ಅತಿಥಿ ಅಲ್ವಾ ಅಂತ ಅವ್ರನ್ನ ಸಾಲಿನ ಮುಂದ್ಕೆ ನಿಲ್ಸಿಬುಟ್ಟ. ಆಯಪ್ಪನ ಮುಖ ಕೆಂಪಗಾಯ್ತು. ಅವ್ರ ಸೈನ್ಯದಾಗೂ ನಮ್ಮಂಗೇ ಅಂತೆ, ಅದು ಯಾರ್ಗೆ ಗೊತ್ತು? ತಟ್ಟೆ ಇಡ್ಕಂಡು ಸೀದಾ ಸಾಲಿನ ಬಾಲಕ್ಕೋಗಿ ನಿಂತ. ನಮ್ಮ ಕರ್ನಲ್ ಸಾಹೇಬ್ರು ಅವ್ನ ಇಂದ್ಕೋಗಿ ನಿಂತ್ರು. ಅವ್ನು ತಿರ್‌ಗಾ ಇವ್ರ ಇಂದ್ಕೆ. ಸಾಲು ಇಂದಿಂದ್ಕೇ ಓಗ್ತಾ ಓಗ್ತಾ ಟೆಂಟ್ ದಾಟಿ ಬಯಲಿಗೆ ಬಂತು. ಕೊನೀಗೆ ಇಬ್ರೂ ಒಟ್ಟಿಗೆ ಕೂತು ತಣ್ಣಗಾದ ಚಪಾತಿ ತಿಂದ್ರು. ಅಭ್ಯಾಸ ಅಂದ್ರೆ ಅದೇ ಬೀಗ್ರೇ. ಅವ್ರ ಮರ್ಯಾದೆ ಎಲ್ಲೈತೆ, ನಮ್ದು ಎಲ್ಲೈತೆ ಅಂತ ಮೊದ್ಲೇ ತಿಳ್ಕಳಾದು. ಇಲ್ಲಾಂದ್ರೆ ಶತ್ರು ಬರೋ ಮುಂಚೇನೇ ನಮ್ನಮ್ಮಲ್ಲೇ ಜಗಳ ಅತ್ಕತದೆ.”

ನಾನು ಪತ್ರಿಕೆಯನ್ನು ಮಡಿಸಿದೆ. ಬಹಳ ಎಚ್ಚರಿಕೆಯಿಂದ, ಬೇರೆ ಯಾರದೋ ವಿಷಯವೆಂಬಂತೆ ಕೇಳಿದೆ: “ಹಾಗಾದರೆ ಅಂದು ಮಾಕಳಿಯಲ್ಲಿ, ಎರಡನೆಯ ಪಂಕ್ತಿ...”

“ಮತ್ತಿನ್ನೇನು? ಹೆಣ್ಣು ಕೊಟ್ಟ ಯಜಮಾನ್ರನ್ನ ಬಸ್ ಡ್ರೈವರ್ ಜತೆ ಮೊದಲ್ನೇ ಪಂಕ್ತೀಗೆ ಕೂರಿಸಾಕಾಯ್ತದಾ? ನಿಮ್ ಜತೆ ಉಣ್ಬೇಕು ಅಂತ ನಾನೂ ಅಸ್ಕಂಡೇ ಕಾಯ್ತಿದ್ದೆ. ಆದ್ರೆ ನೀವು ನನ್ನೇ ಮೀರಿಸ್‌ಬುಟ್ರಿ. ನಾನು ಎರಡ್ನೇದು ಕೊಟ್ರೆ ನೀವು ಮೂರ್ನೇದು ಕೊಟ್ರಿ. ಮರ್ಯಾದೆ ಕಲೀಬೇಕು ಅಂದ್ರೆ ಕುಂದಲಹಳ್ಳಿ ಬೀಗ್ರ ತಾವ ಕಲೀಬೇಕು ಅಂತ ನಮ್ಮೂರಾಗೆ ಈಗ್ಲೂ ಯೋಳ್ತಿರ್ತೀನಿ.”

ಕಾಫಿ ತಂದ ಹೆಂಡತಿ ಒಣಗುವ ಬಟ್ಟೆಗಳ ಮರೆಯಲ್ಲೇ ನಿಂತಿದ್ದಳು. ಅವಳು ತಡೆದ ನಗುವಿಗೆ ಲೋಟಗಳು ಕಿಣಿಕಿಣಿ ಎನ್ನುವುದು ಕೇಳಿಸುತ್ತಿತ್ತು. ಓದುಗರು ನನ್ನ ಸ್ಥಿತಿಯನ್ನು ಊಹಿಸಬೇಕು. ತುಕ್ಕು ಹಿಡಿಯದಂತೆ ನಾಲ್ಕು ವರ್ಷ ಎಣ್ಣೆ ಹಚ್ಚಿ ಕಾಪಾಡಿದ ಅವಮಾನ ಒಂದೇ ಮಾತಿಗೆ ತಪಾಸಣೆಯಲ್ಲಿ ಬಿದ್ದುಹೋಯಿತು. ಅದಕ್ಕಿಂತ ಹೆಚ್ಚಿನ ನಷ್ಟವೆಂದರೆ, ನಾನು ಅಷ್ಟು ಯೋಚಿಸಿ ತೀರಿಸಿಕೊಂಡ ಸೇಡು ಮಾಕಳಿಯಲ್ಲಿ ಸನ್ಮಾನವಾಗಿ ಚಲಾವಣೆಯಲ್ಲಿತ್ತು. ನಿಜ ಹೇಳಲೇ ಎಂದು ಒಂದು ಕ್ಷಣ ಅನ್ನಿಸಿತು. “ಅದರಲ್ಲೇನು, ನಮ್ಮ ಮನೆತನದ ಪದ್ಧತಿ” ಎಂದೆ.

ಮುಡಿಯ ಊಟ ಅದ್ದೂರಿಯಾಗಿಯೇ ಆಯಿತು. ಬೋಳುತಲೆಗೆ ಗಂಧ ಬಳಿಸಿಕೊಂಡ ಮೊಮ್ಮಗಳು ಒಮ್ಮೆ ನನ್ನ ಹೆಗಲು, ಒಮ್ಮೆ ಅವರ ಹೆಗಲು ಏರಿದಳು. ಮೊದಲ ಪಂಕ್ತಿಗೆ ಎಲೆ ಹಾಕಿದಾಗ ಯಾರೋ ನನ್ನನ್ನು ಕರೆದರು. ಬಸ್ ಡ್ರೈವರನನ್ನು ನೆನೆದು ನಿರಾಕರಿಸಿದೆ. ಎರಡನೆಯದಕ್ಕೆ ಸುಬೇದಾರರು, “ನೀವು ಕೂತ್ಕಳಿ ಬೀಗ್ರೇ” ಎಂದರು. “ಛೆ, ನೀವು ಕೂತುಕೊಳ್ಳಿ” ಎಂದೆ. ಮೂರನೆಯದಕ್ಕೂ ಇದೇ ನಡೆಯಿತು. ಸುಮಾ ದೂರದಿಂದ ನೋಡಿ, ಇಬ್ಬರೂ ಎಷ್ಟು ಅನ್ಯೋನ್ಯವಾಗಿದ್ದಾರೆಂದು ಕಣ್ಣೊರೆಸಿಕೊಂಡಳಂತೆ. ಕೊನೆಗೆ ಅಡುಗೆಯವರ ಜೊತೆ ನಾವಿಬ್ಬರೂ ಕುಳಿತಾಗ ಹಂಡೆಯ ತಳದಲ್ಲಿ ಸಾರು, ಒಂದೇ ಒಂದು ನಲ್ಲಿ ಮೂಳೆ ಉಳಿದಿದ್ದವು. ಸುಬೇದಾರರು ಕೈ ಅಡ್ಡ ಹಿಡಿದು, “ನಮ್ಮ ಬೀಗ್ರಿಗೆ ಆಕಪ್ಪ” ಎಂದು ಅದನ್ನು ನನ್ನ ಎಲೆಗೆ ಹಾಕಿಸಿ, ತಾವು ಬರೀ ಸಾರಿನಲ್ಲಿ ಮುದ್ದೆ ನುಂಗತೊಡಗಿದರು.

ನಾನು ಧನ್ಯವಾದ ಹೇಳುವವನೇ ಇದ್ದೆ. ಆಗ ಹೊಳೆಯಿತು. ಅವರ ಲೆಕ್ಕದಲ್ಲಿ ಒಳ್ಳೆಯದು ಮೊದಲು ಹೋಗುವುದು ಜವಾನನಿಗೆ. ಬರಿಯ ಸಾರಿನಲ್ಲಿ ಉಣ್ಣುವವನು ಸಾಹೇಬ. ಅಂದರೆ ನನ್ನದೇ ತಾರಸಿಯ ಮೇಲೆ, ನನ್ನ ನೆಂಟರಿಷ್ಟರ ಎದುರಿಗೆ, ಈ ಮನುಷ್ಯ ನನ್ನನ್ನು ಜವಾನನಾಗಿ ಮಾಡಿದ್ದರು. ಇದನ್ನು ನಾನು ಮರೆಯುವವನಲ್ಲ. ಮೂಳೆಯಲ್ಲಿ ಮಜ್ಜೆ ಚೆನ್ನಾಗಿತ್ತು, ಅದನ್ನೂ ಮರೆತಿಲ್ಲ.