ಕಿನ್ನಿಯ ಅಕ್ಷರಾಭ್ಯಾಸ

ವಿಜ್ಞಾನಕ್ಕೆ ಹೆಂಡತಿಯಷ್ಟು ದೊಡ್ಡ ಅಡ್ಡಿ ಇನ್ನೊಂದಿಲ್ಲ. (ಅವಳು ಈಗ ಬಾವಿಕಟ್ಟೆಯಲ್ಲಿದ್ದಾಳೆ, ಆದ್ದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ.)

ನಾನು ಮಣ್ಣಗುಡ್ಡದ ಬೋಜ ಮಾಸ್ಟ್ರು. ಮಕ್ಕಳ ದೇಹ, ಬುದ್ಧಿ ವರ್ಷದಿಂದ ವರ್ಷಕ್ಕೆ ಹೇಗೆ ಬೆಳೆಯುತ್ತವೆಂದು ಮನೆಯಲ್ಲೇ ಸಂಶೋಧನೆ ಮಾಡಿ, ಮದ್ರಾಸಿನ ವಿದ್ವಾಂಸರ ಮುಂದೆ ಪ್ರಬಂಧ ಮಂಡಿಸಬೇಕೆಂಬುದು ನನ್ನ ಮಹದಾಕಾಂಕ್ಷೆ. ಅದಕ್ಕಾಗಿ ಮಗಳು ಮುದ್ದುವನ್ನು ತಿಂಗಳಿಗೊಮ್ಮೆ ಬಾಗಿಲ ದಾರಂದಕ್ಕೆ ಒರಗಿಸಿ ನಿಲ್ಲಿಸಿ, ತಲೆಯ ಮಟ್ಟಕ್ಕೆ ಮಸಿಯ ಗೆರೆ ಎಳೆಯುತ್ತಿದ್ದೆ. ಒಂದು ದಿನ ನೋಡಿದರೆ ನನ್ನ ಗೆರೆಗಿಂತ ಗೇಣು ಮೇಲೆ ಅರಸಿನದ ಗೆರೆ. ಮುಂದಿನ ತಿಂಗಳು ಅದೂ ಒಂದಿಷ್ಟು ಏರಿತ್ತು.

ಕೇಳಿದರೆ ಹೆಂಡತಿ ಕುಶಲಾ, ಅದು ಕಿನ್ನಿಯದ್ದು ಎಂದಳು.

ಕಿನ್ನಿ ನಮ್ಮ ಚೊಚ್ಚಲ ಮಗಳು. ಹಲ್ಲು ಮೂಡುವ ಮೊದಲೇ ತೀರಿಹೋದವಳು. ಸತ್ತ ಮಕ್ಕಳೂ ಬದುಕಿದವರಂತೆಯೇ ಬೆಳೆಯುತ್ತಾರೆ, ಪ್ರಾಯಕ್ಕೆ ಬಂದಾಗ ಅವರಂತೆಯೇ ತೀರಿಹೋದ ವರನನ್ನು ಹುಡುಕಿ ಮದುವೆ ಮಾಡಿಸಬೇಕು ಎಂದು ನಮ್ಮವರ ನಂಬಿಕೆ. ನಾನು ನಕ್ಕೆ. ಅವಳ ಭ್ರಮೆಯನ್ನು ಸಪ್ರಮಾಣವಾಗಿ ಖಂಡಿಸಲು ಅಡಿಕೋಲನ್ನು ದಾರಂದಕ್ಕೆ ಅಡ್ಡ ಹಿಡಿದು ಮೇಲಿನಿಂದ ಇಳಿಸುತ್ತ ಬಂದೆ. ಅರಸಿನದ ಗೆರೆಯ ಹತ್ತಿರ ಅದು ನಿಂತಿತು. ಒತ್ತಿದೆ. ಇಳಿಯಲಿಲ್ಲ.

"ಮೆಲ್ಲ ಮಾರಾಯ್ರೇ, ಅವಳ ತಲೆ ಉಂಟು ಅಲ್ಲಿ," ಎಂದಳು ಕುಶಲಾ.

ಮರ ತೇವಕ್ಕೆ ಉಬ್ಬಿದೆ ಎಂದು ನಾನು ಘೋಷಿಸಿದೆ. (ಸ್ವರ ನಡುಗಿದ್ದು ಶೀತದಿಂದ.)

ಸತ್ತವರ ಮದುವೆಗೆಂದೇ ಇರುವ ಈ ಆಟಿ ತಿಂಗಳಲ್ಲಿ ಮದುವೆ ಆಗಲೇಬೇಕೆಂದು ಅವಳು ಹಟ ಹಿಡಿದಳು. ಶಾಲೆಯಲ್ಲಿ ನನ್ನ ಮರ್ಯಾದೆ ಏನಾಗಬೇಕು ಎಂದು ರೇಗಿದೆ. ಅವಳು ಜಗಳಾಡಲಿಲ್ಲ. "ಮನಸಾರೆ ಎತ್ತಿ ಆಡಿಸುವ ಭಾಗ್ಯ ನನಗಿರಲಿಲ್ಲ. ಧಾರೆ ಎರೆದಾದರೂ ಕಳಿಸ್ತೇನೆ," ಎಂದಳು. ನಾನು ಒಪ್ಪಿಕೊಂಡೆ.

ಕುದ್ರೋಳಿಯ ಮಾಯಿಲಪ್ಪನವರ ಮಗ ಬೂಬ ಕೂಡ ತೊಟ್ಟಿಲಲ್ಲೇ ಹೋದವನು. ಅವರು ಹೆಂಡತಿ ಅಮ್ಮಣಿಯೊಂದಿಗೆ ಹೆಣ್ಣು ನೋಡಲು ಬಂದರು. ಮಣೆಯ ಮೇಲೆ ಕಿನ್ನಿಯ ಹೆಸರಿನಲ್ಲಿ ಸೀರೆ ಮಡಚಿ ಇಟ್ಟಿದ್ದೆವು. ಮಾಯಿಲಪ್ಪ ಬೆಲ್ಲದ ಕಾಫಿ ಕುಡಿದು, ಆ ಮಣೆಯನ್ನೇ ಬಹಳ ಹೊತ್ತು ನೋಡಿ ಕೇಳಿದರು:

"ಹುಡುಗಿ ಎಷ್ಟನೇ ಕ್ಲಾಸು, ಮಾಸ್ಟ್ರೇ?"

ನಾನು ಕುಶಲಾಳನ್ನು ನೋಡಿದೆ. ಶಾಲೆಗೆ ಕಳಿಸಿಲ್ಲ ಎಂದು ಅವಳೇ ಹೇಳಬೇಕಾಯಿತು.

ಅಮ್ಮಣಿ ಉಳಿದ ಮಕ್ಕಳನ್ನು ಶಾಲೆಗೆ ಕಳಿಸುವಾಗ ದಿನಾ ಬೂಬನ ಹೆಸರನ್ನೂ ಕರೆದು, ಅವನ ಪಾಲಿಗೂ ಒಂದು ಸ್ಲೇಟು ಇಟ್ಟು ಕಳಿಸುತ್ತಿದ್ದರಂತೆ. ಹುಡುಗ ಎಂಟನೆಯದು ಮುಗಿಸಿದ್ದಾನೆ. ಓದುಬರಹ ಇಲ್ಲದ ಹುಡುಗಿಯನ್ನು ಅವನ ತಲೆಗೆ ಕಟ್ಟಲು ಅವರಿಗೆ ಮನಸ್ಸಿಲ್ಲ. ಅಕ್ಷರ ಕಲಿತ ಮೇಲೆ ನೋಡೋಣ ಎಂದು ಎದ್ದರು. ಅವರು ಮೆಟ್ಟಿಲಿಳಿಯುತ್ತಿದ್ದಂತೆ ಮಣೆಯ ಮೇಲಿನ ಸೀರೆ ಮೆಲ್ಲಗೆ ಜಾರಿ ನೆಲಕ್ಕೆ ಬಿತ್ತು. ಗಾಳಿ ಇರಲಿಲ್ಲ.

ಕುಶಲಾ ಸೀರೆಯನ್ನು ಎತ್ತಿ ಎದೆಗೊತ್ತಿಕೊಂಡು ಅತ್ತಳು. "ಊರಿನ ಮಕ್ಕಳಿಗೆಲ್ಲ ಕಲಿಸ್ತೀರಿ. ಸ್ವಂತ ಮಗಳಿಗೆ ಒಂದು ಅಕ್ಷರ ಹೇಳಿಕೊಟ್ಟದ್ದು ಉಂಟಾ?"

ನನ್ನ ಇಡೀ ಸರ್ವೀಸಿನಲ್ಲಿ ಯಾವ ಮಗುವಿನ ತಾಯಿಯೂ ನನ್ನ ಮೇಲೆ ಇಂಥ ದೂರು ಹೇಳಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ದೂರು ನ್ಯಾಯವಾದದ್ದು ಅನ್ನಿಸಿ ನಾಚಿಕೆಯಾಯಿತು.

ಮರುದಿನ ಸಂಜೆ ಚಾವಡಿಯಲ್ಲಿ ಖಾಲಿ ಮಣೆಯ ಎದುರು ಕುಳಿತೆ. ನೆರೆಯವರು ಯಾರೂ ಇಣುಕುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಸ್ಲೇಟಿನಲ್ಲಿ ದೊಡ್ಡದಾಗಿ 'ಅ' ಬರೆದು ಮಣೆಯ ಕಡೆ ಹಿಡಿದು, ಗಟ್ಟಿಯಾಗಿ ಹೇಳಿಕೊಟ್ಟೆ. ಉತ್ತರವಿಲ್ಲ. ಮಂದಬುದ್ಧಿ ಇರಬಹುದೇ ಎಂದು ಸಂಶೋಧಕನ ಮನಸ್ಸು ಯೋಚಿಸತೊಡಗಿತು.

ಜಗಲಿಯಲ್ಲಿ ಹೂ ಕಟ್ಟುತ್ತಿದ್ದ ಮುದ್ದು ತಲೆಯೆತ್ತಿ ನೋಡಿದಳು.

"ಅಪ್ಪ, ಅಕ್ಕ ಮಣೆಯಲ್ಲಿ ಇಲ್ಲ. ನಿಮ್ಮ ಬೆನ್ನ ಹಿಂದೆ ನಿಂತು ಬಗ್ಗಿ ನೋಡ್ತಾ ಇದ್ದಾಳೆ. ಇದು ಅವಳಿಗೆ ಬರ್ತದಂತೆ, ಮುಂದಿನದ್ದು ಬರೆಯಬೇಕಂತೆ."

ಹಿಂದೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. 'ಅ' ಅಳಿಸಿ 'ಆ' ಬರೆದೆ.