ಬೆಸುಗೆಯಪ್ಪನ ಬದಲಿ

ಟೆಲಿಫೋನ್ ಕಚೇರಿಗೆ ಬಂದ ಹೊಸ ಪೆಟ್ಟಿಗೆಯ ಬೆಲೆ ಬೆಸುಗೆಯಪ್ಪನ ಎರಡು ವರ್ಷದ ಸಂಬಳದಷ್ಟು. ಊರಿನ ಹಿಂಬದಿಯಿಂದ ಸುತ್ತಿಸಿ ತಂದ ಎರಡನೆಯ ಫೈಬರ್ ಕೇಬಲ್ಲಿಗೆ, ಅಂದರೆ ಮಾತು ಹೊರುವ ಗಾಜಿನ ಎಳೆಗೆ, ಅದರ ಹತ್ತು ಪಟ್ಟು ಖರ್ಚು. ಆದರೆ ಒಂಟಿ ಎಳೆಯ ಕಾಲದಲ್ಲಿ ತೆತ್ತದ್ದೆಷ್ಟು ಎಂಬುದು ಅವನೊಬ್ಬನಿಗೇ ಗೊತ್ತು: ಮೂರು ವರ್ಷ, ಒಂದು ದಿನವೂ ರಜೆಯಿಲ್ಲ. ಯಾರೋ ಎಲ್ಲೋ ರಸ್ತೆ ಅಗೆದರೆ ಎಳೆ ತುಂಡು. ಊರಿನ ಫೋನು, ಬ್ಯಾಂಕು, ಆಸ್ಪತ್ರೆ ಎಲ್ಲದರ ಬಾಯಿಯೂ ಬಂದ್. ಕೂದಲಿನಷ್ಟು ತೆಳ್ಳಗಿನ ಆ ಗಾಜನ್ನು ಬೆಸೆಯಬಲ್ಲವನು ಟೆಲಿಫೋನ್ ಕಚೇರಿಯಲ್ಲಿ ಅವನೊಬ್ಬನೇ. ಅದಕ್ಕೇ ಆ ಹೆಸರು.

ಹೊಸ ಪೆಟ್ಟಿಗೆಯ ಕೆಲಸ ಇಷ್ಟೇ. ಮುಖ್ಯ ಎಳೆ ಕಡಿದರೆ, ಕಣ್ಣು ಮಿಟುಕಿಸುವುದರೊಳಗೆ, ಯಾರೂ ಮುಟ್ಟದೆಯೇ ಎಲ್ಲವನ್ನೂ ಬದಲಿ ಎಳೆಗೆ ದಾಟಿಸುವುದು. ಮುಖ್ಯ ಎಳೆಯಲ್ಲಿದ್ದಾಗ ದೀಪ ಹಸಿರು, ಬದಲಿಗೆ ದಾಟಿದರೆ ಕಿತ್ತಳೆ. ಇವತ್ತು ಹನ್ನೊಂದಕ್ಕೆ ದೊಡ್ಡ ಸಾಹೇಬರು ಬಂದು, ಮುಖ್ಯ ಎಳೆಯನ್ನು ಕೈಯಾರೆ ಕಿತ್ತು ನೋಡುವವರಿದ್ದರು. ಪೆಟ್ಟಿಗೆ ಪಾಸಾದರೆ ಬೆಸುಗೆಯಪ್ಪನಿಗೆ ಹತ್ತು ದಿನ ರಜೆ. ಸಂಜೆ ನಾಲ್ಕರ ಬಸ್ಸಿನಲ್ಲಿ ಎರಡು ಸೀಟು, ಸಮುದ್ರದ ದಡದಲ್ಲಿ ಒಂದು ಕೋಣೆ ಕಾದಿರಿಸಿಯಾಗಿತ್ತು.

ಹತ್ತೂವರೆಗೆ ಹೆಡ್ ಕ್ಲರ್ಕ್ ಮೇಡಂ ಮೆಷಿನ್ ಕೋಣೆಗೆ ಮೂಗು ತೂರಿಸಿದರು.

"ಏನ್ರೀ ಇದು, ಮೂಲೆ ತುಂಬಾ ಕೆಟ್ಟ ಫೋನುಗಳ ರಾಶಿ! ಸಾಹೇಬ್ರು ಕಂಡಲ್ಲೆಲ್ಲ ಬೆರಳಾಡಿಸಿ ಧೂಳು ನೋಡ್ತಾರೆ. ಆ ಬೀರು ಸರಿಸಿ, ಮರೆಯಾಗುತ್ತೆ."

"ಬೇಡ ಮೇಡಂ, ಅಲ್ಲಿ ಕೇಬಲ್ ಇದೆ."

"ತಮ್ಮಾ, ನಾನು ಹಿಡೀತೀನಿ ಬಾ," ಎಂದು ಮುದಿ ಕಾವಲುಗಾರ ಆಗಲೇ ಬೀರುವಿಗೆ ಹೆಗಲು ಕೊಟ್ಟಿದ್ದ. ಅವನು ತಳ್ಳಿದ್ದು ಒಂದು ಕಡೆ, ಮೇಡಂ ಎಳೆದದ್ದು ಇನ್ನೊಂದು ಕಡೆ. ನಡುವೆ ಬೆಸುಗೆಯಪ್ಪ ಗಾಣಕ್ಕೆ ಸಿಕ್ಕ ಕಬ್ಬಿನಂತಾದ. ಬೀರು ಜಾರಿತು. ಅದರ ಕಾಲಿನಡಿ ಹಳದಿ ಕೇಬಲ್ 'ಚಿಟ್' ಎಂದಿತು.

ಮುಖ್ಯ ಎಳೆ!

ಬೆಸುಗೆಯಪ್ಪ ಕಣ್ಣು ಮುಚ್ಚಿಕೊಂಡ. ಸಮುದ್ರ, ಬಸ್ಸು, ಹೆಂಡತಿಯ ನಗು ಎಲ್ಲ ಒಂದೊಂದಾಗಿ ಮುಳುಗಿದವು. ಅಷ್ಟರಲ್ಲಿ ಅವನ ಜೇಬಿನ ಮೊಬೈಲು ಹೊಡೆದುಕೊಂಡಿತು.

"ರೀ, ಸೂಟ್‌ಕೇಸಿನ ಕೀಲಿ ಎಲ್ಲಿ?" ಹೆಂಡತಿ.

"ನೀನು ಮಾತಾಡ್ತಿದ್ದೀಯಾ?"

"ಮತ್ತೆ ಪಕ್ಕದ ಮನೆಯವಳು ಮಾತಾಡ್ತಿದ್ದಾಳಾ? ಕೀಲಿ ಎಲ್ಲಿ?"

ಬೆಸುಗೆಯಪ್ಪನಿಗೆ ಹೋದ ಜೀವ ಬಂದಂತಾಯಿತು. ಊರೊಳಗಿನ ಮೊಬೈಲ್ ಮಾತು ಕೂಡ ಈ ಕಚೇರಿಯ ಎಳೆಯಲ್ಲೇ ಜಿಲ್ಲೆಯ ದೊಡ್ಡ ಕಚೇರಿಗೆ ಹೋಗಿ ಬರಬೇಕು. ಅಂದರೆ ಲೈನು ಬದುಕಿದೆ. ದೀಪ ನೋಡಿದ, ಕಿತ್ತಳೆ. ಪೆಟ್ಟಿಗೆ ತನ್ನ ಕೆಲಸ ಮಾಡಿ ತೆಪ್ಪಗೆ ಕೂತಿತ್ತು. ಕೀಲಿ ಅವನ ಸೊಂಟದ ಗೊಂಚಲಿನಲ್ಲೇ ಇತ್ತು, ಬೆಸುಗೆ ಮೆಷಿನ್ನಿನ ಕೀಲಿಯ ಪಕ್ಕದಲ್ಲಿ.

"ಇಪ್ಪತ್ತು ನಿಮಿಷದಲ್ಲಿ ಬೆಸೆದುಬಿಡ್ತೀನಿ," ಎಂದು ಅವನು ಮೆಷಿನ್ನಿಗೆ ಕೈ ಹಾಕುವುದಕ್ಕೂ ಸಾಹೇಬರ ಜೀಪು ಹೊತ್ತಿಗೆ ಮುಂಚೆಯೇ ಗೇಟಿನೊಳಗೆ ಬರುವುದಕ್ಕೂ ಸರಿಹೋಯಿತು.

"ಬಾಯಿ ಬಿಡಬೇಡಿ," ಎಂದರು ಮೇಡಂ. "ಸತ್ತ ಎಳೆ ಕಿತ್ತರೆ ಅವರಿಗೇನು ಗೊತ್ತಾಗುತ್ತೆ?"

"ದೀಪ ಕಿತ್ತಳೆ ಇದೆಯಲ್ಲ ಮೇಡಂ!"

ಕಾವಲುಗಾರ ಜೇಬಿನಿಂದ ಪೆಪ್ಪರ್‌ಮೆಂಟಿನ ಹಸಿರು ಕಾಗದ ತೆಗೆದು, ಎಂಜಲು ಹಚ್ಚಿ ದೀಪದ ಮೇಲೆ ಅಂಟಿಸಿದ. "ಈಗ ನೋಡು ತಮ್ಮಾ, ಹಸಿರಾಯ್ತು." ಹಸಿರೇನೂ ಆಗಲಿಲ್ಲ. ಪಾಚಿ ಕಟ್ಟಿದ ಬಾವಿಯ ಬಣ್ಣವಾಯಿತು.

ಸಾಹೇಬರು ಬಂದರು, ಬೀರುವಿನ ಮೇಲೆ ಬೆರಳಾಡಿಸಿದರು, ಪೆಟ್ಟಿಗೆಯ ಮುಂದೆ ಬಗ್ಗಿದರು. ಕಾಗದ ಮೆಲ್ಲಗೆ ಕಳಚಿ ಅವರ ಬೂಟಿನ ಮೇಲೆ ಬಿತ್ತು.

"ಇದೇನು?"

ಮೇಡಂ ಕಿಟಕಿ ನೋಡಿದರು, ಕಾವಲುಗಾರ ಸೂರು ನೋಡಿದ. ಬೆಸುಗೆಯಪ್ಪ ಒಂದೇ ಉಸಿರಿನಲ್ಲಿ ಎಲ್ಲ ಹೇಳಿಬಿಟ್ಟ. ಬೀರು, ಫೋನುಗಳ ರಾಶಿ, ಪೆಪ್ಪರ್‌ಮೆಂಟು ಯಾವುದನ್ನೂ ಬಿಡಲಿಲ್ಲ.

ಸಾಹೇಬರು ಪೆಟ್ಟಿಗೆಯ ಗುಂಡಿಯೊತ್ತಿ ದಾಖಲೆ ನೋಡಿದರು. "ಹತ್ತು ಮೂವತ್ತೆರಡಕ್ಕೆ ದಾಟಿದೆ. ಯಾರಾದರೂ ದೂರು ಹೇಳಿದ್ರಾ?"

"ಒಬ್ಬರೂ ಇಲ್ಲ ಸಾರ್."

"ಹಾಗಾದರೆ ನಾನು ಕೀಳೋದೇನಿದೆ? ನಿಮ್ಮ ಬೀರುವೇ ಪರೀಕ್ಷೆ ಮಾಡಿದೆ. ಪಾಸು! ಕೊಡಿ ಆ ರಜೆ ಅರ್ಜಿ."

ಬೆಸುಗೆಯಪ್ಪನ ಎದೆ ಹತ್ತಿಯಷ್ಟು ಹಗುರಾಯಿತು. ಸಾಹೇಬರ ಪೆನ್ನು ಕಾಗದ ಮುಟ್ಟಿತು, ಅಲ್ಲೇ ನಿಂತಿತು.

"ಅಂದಹಾಗೆ, ಈ ತುಂಡನ್ನು ಬೆಸೆಯೋರು ಯಾರು?"

"ನಾನೇ ಸಾರ್, ಈಗಲೇ."

"ಇವತ್ತು ಸರಿ. ನಾಡಿದ್ದು ಮತ್ತೆ ಬೀರು ಸರಿದರೆ?"

ಮೇಡಮ್ಮಿಗೆ ತಡೆಯಲಾಗಲಿಲ್ಲ. "ನಾನು ಕಲೀತೀನಿ ಅಂತ ಎಷ್ಟು ಸಲ ಕೇಳಿದೆ ಸಾರ್! ಮೆಷಿನ್ ಮುಟ್ಟೋಕೂ ಬಿಡಲ್ಲ. ಬೀಗ ಹಾಕಿ ಕೀಲಿ ಸೊಂಟಕ್ಕೆ ಸಿಕ್ಕಿಸ್ಕೋತಾರೆ."

ಮಾತು ಸುಳ್ಳಾಗಿರಲಿಲ್ಲ. 'ನನ್ನ ಕೈಯೇ ಕೈ' ಎಂಬ ಸಣ್ಣ ಜಂಬ ಬೆಸುಗೆಯಪ್ಪನಿಗೆ ಇದ್ದೇ ಇತ್ತು.

"ಎಳೆಗೆ ಬದಲಿ ಇದೆ," ಎಂದರು ಸಾಹೇಬರು, ಪೆನ್ನಿಗೆ ಟೋಪಿ ಹಾಕುತ್ತಾ. "ನಿಮಗೆಲ್ಲಿದೆ ಬದಲಿ? ಮೊದಲು ಮೇಡಮ್ಮಿಗೆ ಕಲಿಸಿ. ರಜೆ ಆಮೇಲೆ ನೋಡೋಣ."

ಎಳೆ ಬೆಸೆದು, ದೀಪ ಹಸಿರಾದ ಮೇಲೆ, ಬೆಸುಗೆಯಪ್ಪ ಮನೆಗೆ ಫೋನು ಮಾಡಿ ರಜೆ ಹೋದ ಸುದ್ದಿ ಹೇಳಿದ. ಮೂರು ವರ್ಷದ ಸಿಟ್ಟು ಒಟ್ಟಿಗೇ ಸುರಿಯುತ್ತದೆಂದು ಫೋನನ್ನು ಕಿವಿಯಿಂದ ಗೇಣುದೂರ ಹಿಡಿದಿದ್ದ.

"ಗೊತ್ತಿತ್ತು ಬಿಡಿ," ಎಂದಳು ಹೆಂಡತಿ, ತಣ್ಣಗೆ. "ನಿಮ್ಮನ್ನು ನಂಬಿ ಮೂರು ಸಲ ಸೂಟ್‌ಕೇಸ್ ಕಟ್ಟಿ ಬಿಚ್ಚಿದ್ದೀನಿ. ಈ ಸಲ ತಂಗಿಗೆ ಹೋದ ವಾರವೇ ರೆಡಿಯಾಗಿರು ಅಂದಿದ್ದೆ. ನಿಮ್ಮ ಸೀಟಲ್ಲಿ ಅವಳು ಬರ್ತಾಳೆ."

ಕಣ್ಣು ಮಿಟುಕಿಸುವುದರೊಳಗೆ! ಬೆಸುಗೆಯಪ್ಪ ನಿರಾಳವಾಗಿ ನಕ್ಕುಬಿಟ್ಟ. ಇಂಥ ಪೆಟ್ಟಿಗೆ ಮನೆಯಲ್ಲೇ ಇತ್ತಲ್ಲ!

ಮೂರೂವರೆಗೆ ನಾದಿನಿಯೇ ಕಚೇರಿಗೆ ಬಂದು ಕೈಯೊಡ್ಡಿದಳು. "ಭಾವ, ಸೂಟ್‌ಕೇಸ್ ಕೀಲಿ ಕೊಡಿ. ಸಮುದ್ರಕ್ಕೆ ಏನಾದ್ರೂ ಹೇಳ್ಬೇಕಾ?"

"ಮುಂದಿನ ವರ್ಷ ಬರ್ತೀನಿ ಅಂತ ಹೇಳಮ್ಮ."

ಆ ಕೀಲಿ ನಾದಿನಿಯ ಕೈಗೆ ಹೋಯಿತು. ಪಕ್ಕದ ಕೀಲಿಯನ್ನು ಹೆಡ್ ಕ್ಲರ್ಕ್ ಮೇಡಂ ಕೇಳಿ ಪಡೆದರು.

ಆ ದಿನ ಊರಿನ ಒಂದು ಮಾತೂ ಕಡಿಯಲಿಲ್ಲ, ಹೆಂಡತಿಯ ಪ್ರಯಾಣವೂ ನಿಲ್ಲಲಿಲ್ಲ. ಹೋದದ್ದು ಹತ್ತು ದಿನದ ರಜೆ, ಎರಡು ಕೀಲಿ.