ಮುದ್ರೆ ಗಿಡ ಮತ್ತು ಕೂರಲೊಲ್ಲದ ಮಾವ

ಸಸ್ಯಶಾಸ್ತ್ರ ಕಲಿಸುವವರಿಗೆ ಗಿಡ ಕಂಡರೆ ಬಾಯಿ ಸುಮ್ಮನಿರುವುದಿಲ್ಲ. ಹಾವೇರಿ ಇನ್ನೂ ಜಿಲ್ಲೆಯಾಗಿರದ ಕಾಲದಲ್ಲಿ ಅಲ್ಲಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನಾನಂತೂ ಮುದ್ರೆ ಗಿಡದ ಸುದ್ದಿ ತೆಗೆದರೆ ಗಂಟೆ ಬಾರಿಸಿದರೂ ನಿಲ್ಲಿಸುತ್ತಿರಲಿಲ್ಲ. ರೈಲು ಹಳಿಯ ಬದಿಯ ಬರಡು ನೆಲದಲ್ಲಿ ಯಾರ ಹಂಗಿಲ್ಲದೆ ಬೆಳೆಯುವ ಪೊದೆ ಅದು. ಹೃದಯದಾಕಾರದ ಎಲೆ, ಮೈತುಂಬ ನವಿರಾದ ಕೂದಲು, ಮುಟ್ಟಿದರೆ ಮಖಮಲ್ಲು. ಬಿಸಿಲಿಗೆ ನೀರು ಆರಿಹೋಗದಂತೆ ಆ ಕೂದಲೇ ಗಿಡವನ್ನು ಕಾಯುತ್ತದೆ. ಸಂಜೆಗೆ ಹಳದಿ ಹೂ ಅರಳುತ್ತದೆ. ಕಾಯಿಯನ್ನು ಹಿಟ್ಟಿನ ಮೇಲೆ ಒತ್ತಿದರೆ ಚಕ್ರದ ಮುದ್ರೆ ಮೂಡುತ್ತದೆ.

ಒಂದು ದಿನ ಅತ್ತೆ ಸೊಸೆಯಾದ ನನ್ನನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದರು. "ನಿಮ್ಮ ಮಾವಾರಿಗೆ ಮೂಲವ್ಯಾಧಿ ಆಗೇತಿ. ಡಾಕ್ಟರ ಹಂತ್ಯಾಕ ಹೋಗಾಕ ನಾಚಿಕಿ. ಮುದ್ರಿ ಗಿಡದ ತಪ್ಪಲ ಬೇಯಿಸಿ ತಿಂದ್ರ ಛಲೋ ಅಂತಾರ, ತಗೊಂಬಾ. ನಿನಗ ಗೊತ್ತೈತಿ ಅಂತ ಮಾತ್ರ ತೋರಸಬ್ಯಾಡ ಮತ್ತ."

ಚೀಲದ ತುಂಬ ಎಲೆ ತಂದು ಹಿತ್ತಲಲ್ಲಿ ಹರವಿದೆ. ಮನೆಮಂದಿಗೆಲ್ಲ ಅದೇ ಪಲ್ಯ. ಮಾವ ತಲೆ ಎತ್ತದೆ ತಿನ್ನುತ್ತಿದ್ದರು.

ಅಷ್ಟರಲ್ಲಿ ನಾದಿನಿ ಶಾರದೆಯನ್ನು ನೋಡಲು ಬ್ಯಾಡಗಿಯಿಂದ ಗಂಡಿನವರು ಬಂದರು. ಹುಡುಗ ಅವಳ ಮನಸ್ಸಿಗೆ ಬಂದಿದ್ದ. ಎಲ್ಲರೂ ಗಾದಿಯ ಮೇಲೆ ಕುಳಿತರು. ಮಾವ ಮಾತ್ರ ಕಂಬಕ್ಕೆ ಆತು ನಿಂತೇ ಇದ್ದರು. "ಕುಂದ್ರಿ" ಎಂದಷ್ಟೂ ಕಂಬವನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದರು. ಕೊನೆಗೆ ಹುಡುಗನ ಸೋದರಮಾವನ ಮುಖ ಗಂಟಾಯಿತು. "ಹೆಣ್ಣಿನ ತಂದೀನs ನಮ್ಮ ಜೋಡಿ ಕುಂದ್ರಾಕ ಒಲ್ಲ ಅಂದ್ರ, ಈ ಸಂಬಂಧ ನಿಮಗ ಮನಸ್ಸಿಲ್ಲೇನ್ರಿ?" ಬಾಗಿಲ ಮರೆಯಲ್ಲಿ ಶಾರದೆ ನನ್ನ ಕೈ ಹಿಚುಕಿದಳು. ನನಗೆ ಕಾರಣ ಗೊತ್ತು, ಹೇಳುವಂತಿಲ್ಲ.

ಕೈತೊಳೆಯಲು ಹಿತ್ತಲಿಗೆ ಹೋಗಿದ್ದ ಹುಡುಗನ ತಂದೆ ಆಗ ಒಳಗೆ ಬಂದರು. ಮೆಣಸಿನಕಾಯಿ ವ್ಯಾಪಾರಿ. ಕೈಯಲ್ಲಿ ಒಂದು ಮುದ್ರೆ ಗಿಡದ ಎಲೆ. ಅದನ್ನು ಸವರುತ್ತ ಮಾವನ ಪಕ್ಕದಲ್ಲೇ ನಿಂತರು.

"ಬೀಗರ, ಈ ತಪ್ಪಲ ನಮ್ಮ ಮನ್ಯಾಗೂ ಬೇಯಿಸ್ತಾರ್ರಿ. ಗಾದಿ ಮ್ಯಾಲೆ ನನಗೂ ಕುಂದ್ರಾಕ ಆಗೂದಿಲ್ರಿ. ಮೆಣಸಿನಕಾಯಿ ಮಾರ್ತೇನಿ, ತಿನ್ನಾಕ ಮಾತ್ರ ಬರೂದಿಲ್ಲ. ಬರ್ರಿ, ನಿಂತs ಮಾತಾಡೂಣು."

ಬೀಗರೆಂದು ಕರೆದ ಮೇಲೆ ಇನ್ನೇನು? ಇಬ್ಬರೂ ಹಿತ್ತಲಲ್ಲಿ ನಿಂತು, ಚಹಾ ಕುಡಿದು, ಮದುವೆ ಗೊತ್ತುಮಾಡಿದರು. ಆಮೇಲೆ ಧೈರ್ಯ ಬಂದು ಜೊತೆಯಾಗಿಯೇ ಡಾಕ್ಟರ ಬಳಿಗೂ ಹೋದರು. ಔಷಧಿಯೊಂದಿಗೆ ಪಲ್ಯವೂ ನಡೆಯಿತು.

ಮದುವೆಯ ದಿನ ಬ್ಯಾಡಗಿಯಲ್ಲಿ ನಾನು ಊಟದ ಪಂಕ್ತಿಯಲ್ಲಿ ಕೂರುವಷ್ಟರಲ್ಲಿ ಹುಡುಗನ ತಾಯಿ ದಿಂಬು ಹಿಡಿದು ಓಡಿಬಂದರು. "ಬರೇ ನೆಲಕ್ಕ ಕುಂದರಬ್ಯಾಡವಾ, ತ್ರಾಸ ಆಗ್ತೈತಿ. ಹಿತ್ತಲದಾಗಿನ ತಪ್ಪಲ ನಿನಗಂತ ನಿಮ್ಮ ಮಾವಾರು ಹೇಳ್ಯಾರ."

ಪಂಕ್ತಿಯೆಲ್ಲ ಮರುಕದಿಂದ ನನ್ನತ್ತ ನೋಡಿತು. ಎದುರು ಸಾಲಿನಲ್ಲಿ ಆರಾಮಾಗಿ ಕುಳಿತಿದ್ದ ಮಾವ ಚಪ್ಪರದ ಬಟ್ಟೆಯನ್ನೇ ನೋಡುತ್ತಿದ್ದರು. ಗಿಡದ ಪಾಠ ಕಾಲೇಜಿಗೇ ಇರಲಿ ಎಂದುಕೊಂಡು ದಿಂಬು ಹಾಕಿಕೊಂಡು ಕುಳಿತೆ.